ಸ್ಮಶಾನ ಹೋಯಿತು, ಕುರ್ಚಿ ಹೋಗಲಿಲ್ಲ

ಅವನು ರಾಜೀನಾಮೆ ಕೊಡಲಿಲ್ಲ. ಇಷ್ಟು ವರ್ಷಗಳಾದ ಮೇಲೂ ಈ ಒಂದು ಸಾಲು ಬರೆಯುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳಿದವರು ‘ಹೋಗ್ಲಿ ಬಿಡಮ್ಮ, ಯಾರು ತಾನೇ ಕೊಡ್ತಾರೆ’ ಅನ್ನುತ್ತಾರೆ. ಆ ಮಾತು ಕೇಳಿದರೆ ಇನ್ನಷ್ಟು ಉರಿಯುತ್ತದೆ.

ನಾವು ಗದಗದ ಕಡೆಯವರು. ಮದುವೆಯಾದ ವರ್ಷವೇ ಗಂಡನ ಜೊತೆ ಬೆಂಗಳೂರಿಗೆ ಬಂದೆ. ಅವರು ಪೀಣ್ಯದ ಒಂದು ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ನಾನು ಪಿಯುಸಿ ಓದಿದ್ದೆ, ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಚೆಕ್ಕಿಂಗ್ ಟೇಬಲ್ಲಿಗೆ ಸೇರಿಕೊಂಡೆ. ಪೀಣ್ಯದ ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಮಾಕಳಿಯನ್ನೂ ದಾಟಿ, ತುಮಕೂರು ರಸ್ತೆಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ಮನೆ ಹಿಡಿದೆವು. ಹಳ್ಳಿಯ ಹೆಸರು ಬೇಡ. ಮನೆಯೆಂದರೆ ಸಾಲಾಗಿ ಕಟ್ಟಿದ ಶೀಟಿನ ಕೋಣೆಗಳಲ್ಲಿ ಒಂದು. ಮುಂದುಗಡೆ ಓನರ್ ಅಜ್ಜಿಯ ಹೆಂಚಿನ ಮನೆ. ಒಂದು ಕಾಲಕ್ಕೆ ಆ ಕೋಣೆಗಳಿದ್ದ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಅಜ್ಜಿಯ ಗಂಡ ತೀರಿಕೊಂಡ ಮೇಲೆ ಮಗ ಕೋಣೆ ಕಟ್ಟಿಸಿದ. ಅಜ್ಜಿ ಮಾತ್ರ ಹಠ ಹಿಡಿದು ಒಂದು ಹಸು ಇಟ್ಟುಕೊಂಡಿದ್ದರು.

ತವರಿನಲ್ಲಿ ಹೆತ್ತು, ಮಗಳನ್ನು ಎತ್ತಿಕೊಂಡು ಆ ಕೋಣೆಗೇ ಮರಳಿದೆ. ನಾನು ಕೆಲಸಕ್ಕೆ ಹೋದಾಗ ಅಜ್ಜಿಯೇ ನೋಡಿಕೊಳ್ಳುತ್ತಿದ್ದರು. ಮಗಳು ಗೋಡೆ ಹಿಡಿದು ನಿಲ್ಲುವುದನ್ನು ಕಲಿತಿದ್ದಳು. ಆಗ ಜ್ವರ ಬಂತು. ಆಸ್ಪತ್ರೆಗೆ ಒಯ್ದೆವು, ದೊಡ್ಡ ಆಸ್ಪತ್ರೆಗೂ ಒಯ್ದೆವು. ಉಳಿಯಲಿಲ್ಲ. ಅದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯುವುದು ನನ್ನಿಂದಾಗದು.

ಕೂಸನ್ನು ಊರಿಗೆ ಒಯ್ಯುವ ಸ್ಥಿತಿಯಲ್ಲಿ ನಾವಿರಲಿಲ್ಲ. ಅಜ್ಜಿ ‘ನಮ್ಮೂರ ಮಣ್ಣಾಗೇ ಇರ್ಲಿ ಬಾ’ ಎಂದು ಮುಂದೆ ನಡೆದರು. ಸ್ಮಶಾನದ ಬಾಗಿಲಲ್ಲಿ ಊರಿನ ಕೆಲವು ಗಂಡಸರು ಅಡ್ಡ ನಿಂತರು. ‘ಬಾಡಿಗೆಯೋರೆಲ್ಲ ಇಲ್ಲೇ ಊಳಕ್ಕೆ ಸುರು ಮಾಡುದ್ರೆ ನಮ್ಗೆಲ್ಲೈತೆ ಜಾಗ?’ ಅಂದರು. ಸುಳ್ಳೇನಲ್ಲ, ಇದ್ದದ್ದು ಒಂದು ಸಣ್ಣ ತುಂಡು ನೆಲ, ನಾಲ್ಕಾರು ಹೊಂಗೆ ಮರ. ನನ್ನ ಗಂಡ ಕೂಸನ್ನು ಎದೆಗವಚಿಕೊಂಡು ಬಿಸಿಲಲ್ಲಿ ನಿಂತುಬಿಟ್ಟರು. ಅಷ್ಟರಲ್ಲಿ ಬೈಕಿನಲ್ಲಿ ಒಬ್ಬ ಬಂದ. ಅಜ್ಜಿಯ ಮೈದುನನ ಮಗ. ಆಗಿನ್ನೂ ಪಂಚಾಯ್ತಿಯ ಬರಿಯ ಸದಸ್ಯ.

‘ಎಳೇ ಕೂಸು ಕಣ್ರಪ್ಪ! ಅದಕ್ಕೂ ಜಾಗದ್ ಲೆಕ್ಕನಾ? ನಾಚ್ಕೆ ಆಗಲ್ವಾ ನಿಮ್ಗೆ?’ ಎಂದು ಜೋರು ಮಾಡಿದ. ಗುಂಡಿ ತೋಡಲು ಜನ ಕರೆಸಿದ. ಕೆಲಸ ಮುಗಿಯುವ ತನಕ ತಲೆ ತಗ್ಗಿಸಿ ನಿಂತಿದ್ದ. ಆವತ್ತು ನಾನು ಅವನ ಹೊಟ್ಟೆ ತಣ್ಣಗಿರಲಿ ಅಂದುಕೊಂಡೆ. ಮನಸಾರೆ ಅಂದುಕೊಂಡೆ.

ಮುಂದೆ ಪಂಚಾಯ್ತಿ ಚುನಾವಣೆ ಬಂತು. ನಮ್ಮಿಬ್ಬರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿದವನೂ ಅವನೇ. ಬಾಗಿಲಿಗೆ ಬಂದು ಕೈ ಮುಗಿದು, ‘ಅಕ್ಕ, ನಿಮ್ಮನೆ ಮಗ ಅನ್ಕೊಳ್ಳಿ, ಮರೀಬೇಡಿ’ ಅಂದ. ಮರೆಯುವುದುಂಟೇ? ನಾನಷ್ಟೇ ಅಲ್ಲ, ಆ ಸಾಲಿನ ಕೋಣೆಗಳವರಿಗೆಲ್ಲ ನಾನೇ ಹೇಳಿ ಓಟು ಹಾಕಿಸಿದೆ. ಗೆದ್ದ. ಅಧ್ಯಕ್ಷನೂ ಆದ. ಬೈಕು ಹೋಗಿ ಕಾರು ಬಂತು, ಊರಿನ ಕಂಬಗಳ ಮೇಲೆಲ್ಲ ಅವನ ನಗುವ ಮುಖದ ಫ್ಲೆಕ್ಸು ಬಂತು.

ಅದೇ ಕಾಲಕ್ಕೆ ಮಾದನಾಯಕನಹಳ್ಳಿಯ ಕಡೆಯಿಂದ ಗೋಡೌನುಗಳು ಒಂದೊಂದಾಗಿ ನಮ್ಮತ್ತ ಬರತೊಡಗಿದ್ದವು. ಹೊಲ ಇದ್ದಲ್ಲಿ ಬೆಳಗಾಗುವುದರೊಳಗೆ ಕಾಂಪೌಂಡು ಏಳುತ್ತಿತ್ತು.

ಭಾನುವಾರ ರಜೆ ಸಿಕ್ಕಾಗ ನಾನು ಸ್ಮಶಾನಕ್ಕೆ ಹೋಗುತ್ತಿದ್ದೆ. ಹೊಂಗೆಯ ಬುಡದಲ್ಲಿ ಸ್ವಲ್ಪ ಹಾಲು ಎರೆದು, ಕೂತು, ಎದ್ದು ಬರುವುದು. ಬೆಂಗಳೂರಿನಲ್ಲಿ ನನ್ನದು ಅಂತ ಇದ್ದ ನೆಲ ಅದೊಂದೇ. ಒಂದು ಭಾನುವಾರ ಹೋದರೆ ಸುತ್ತಲೂ ತಗಡು. ಒಳಗೆ ಜೆಸಿಬಿ ಓಡಾಡುತ್ತಿದೆ. ಹೊಂಗೆ ಮರಗಳು ಬೇರು ಮೇಲಾಗಿ ಬಿದ್ದಿವೆ. ತಗಡಿನ ಸಂದಿಯಿಂದ ನುಗ್ಗಿ ಜೆಸಿಬಿಯ ಎದುರು ನಿಂತೆ.

ಡ್ರೈವರ್ ತಲೆ ಹೊರಹಾಕಿ, ‘ಅಕ್ಕ, ಪಕ್ಕಕ್ಕೆ ಬನ್ನಿ, ಲೆವೆಲ್ ಮಾಡ್ತಿದೀವಿ. ಏನಿತ್ತು ಇಲ್ಲಿ?’ ಅಂದ.

‘ನನ್ನ ಮಗಳಿದ್ದಳು’ ಅಂದೆ.

ಅವನು ಮೊದಲು ಅರ್ಥವಾಗದೆ ನೋಡಿದ. ಆಮೇಲೆ ಇಂಜಿನ್ ಆಫ್ ಮಾಡಿ ಕೆಳಗಿಳಿದ. ‘ಅಮ್ಮನಾಣೆ ನಂಗೊತ್ತಿಲ್ಲ ಅಕ್ಕ. ಗುಂಡಿ ಗೊಟರು ಅಂದ್ರು, ಖಾಲಿ ಜಾಗ ಅಂದ್ರು’ ಅಂದ. ಆವತ್ತು ಅವನು ಮತ್ತೆ ಜೆಸಿಬಿ ಹತ್ತಲಿಲ್ಲ. ಮರುದಿನ ಬೇರೆ ಡ್ರೈವರ್ ಬಂದಿದ್ದ.

ಸುದ್ದಿ ಕೇಳಿ ಅಜ್ಜಿ ಓಡಿ ಬಂದರು. ಅವರ ಗಂಡನ ಸಮಾಧಿಗೆ ನಿಲ್ಲಿಸಿದ್ದ ಕಲ್ಲು ಮಣ್ಣಿನ ಗುಡ್ಡೆಯಲ್ಲಿ ಮಗುಚಿ ಬಿದ್ದಿತ್ತು. ಅದರ ಪಕ್ಕ ಕೂತು ಸೆರಗಿನಿಂದ ಮಣ್ಣು ಒರೆಸಿದರು. ಎದ್ದಾಗ ನೇರ ಅಧ್ಯಕ್ಷನ ಮನೆ ಕಡೆ ನಡೆದರು. ನಾನು ಹಿಂದೆ ಹೋದೆ.

ಅವನು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದ. ಅಜ್ಜಿ ಅಂಗಳದಲ್ಲೇ ನಿಂತು ಕೂಗಿದರು. ‘ಏನ್ಲಾ, ನಿನ್ ದೊಡ್ಡಪ್ಪನ್ ಕಲ್ಲ ಕಿತ್ತಾಕವ್ರೆ ಕಣ್ಲಾ!’

‘ದೊಡ್ಡವ್ವ, ಕೂತ್ಕೊ ಬಾ ಮೊದ್ಲು. ರೆಕಾರ್ಡ್‌ನಾಗೆ ಅದು ಸ್ಮಶಾನನೇ ಅಲ್ವಂತೆ. ಗೋಡೌನಿಗೆ ದಾರಿ ಬೇಕಿತ್ತು, ಊರಿನ್ ಹುಡುಗ್ರಿಗೆ ಕೆಲ್ಸ ಸಿಗ್ತದೆ. ಕೆರೆ ಆ ಕಡೆ ನಿಮ್ಗೆ ಇದಕ್ಕಿಂತ ದೊಡ್ಡ ಜಾಗ ಕೊಡಿಸ್ತೀನಿ.’

‘ನಿನ್ ದೊಡ್ಡಪ್ಪ ಎದ್ದು ನಡ್ಕಂಡು ಓಯ್ತಾನೇನ್ಲಾ ಅಲ್ಲಿಗೆ?’

ಅವನು ಪೇಪರ್ ಮಡಿಸಿಟ್ಟ. ನನ್ನ ಕಡೆ ನೋಡಿ, ‘ನೀನ್ ಯಾಕಮ್ಮ ವಯಸ್ಸಾದೋರ ತಲೆ ಕೆಡಿಸ್ತೀಯ?’ ಅಂದ. ಅಕ್ಕ ಅನ್ನುತ್ತಿದ್ದವನು ಅಮ್ಮ ಅಂದ. ‘ನೀವು’ ಹೋಗಿ ‘ನೀನು’ ಬಂದಿತ್ತು.

ಅದಾದ ಕೆಲವೇ ದಿನಗಳಲ್ಲಿ ಒಂದು ಟಿವಿ ಚಾನೆಲ್ಲಿನಲ್ಲಿ ಯಾರೋ ಗುಟ್ಟಾಗಿ ಕ್ಯಾಮೆರಾ ಇಟ್ಟು ತೆಗೆದ ವಿಡಿಯೋ ಬಂತು. ಅಧ್ಯಕ್ಷ ಗೋಡೌನಿನ ಮಾಲೀಕನ ಜೊತೆ ಊಟಕ್ಕೆ ಕೂತಿದ್ದಾನೆ. ಮಾಲೀಕ ಸ್ಮಶಾನದ ತಕರಾರು ಬಂದರೇನು ಗತಿ ಎಂದು ಕೇಳುತ್ತಾನೆ. ಇವನು ಕೋಳಿಯ ತುಂಡು ಬಾಯಿಗಿಡುತ್ತ, ‘ಹೆಣಗಳೇನು ಕೋರ್ಟಿಗೆ ಹೋಗ್ತವಾ ಸಾರ್?’ ಅನ್ನುತ್ತಾನೆ. ಇಬ್ಬರೂ ನಗುತ್ತಾರೆ.

ಆ ನಗುವನ್ನು ಚಾನೆಲ್ಲಿನವರು ದಿನವಿಡೀ ತೋರಿಸಿದರು. ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ. ನನ್ನ ಮಗಳು ಅಲ್ಲಿದ್ದಳೆಂದು ಗೊತ್ತಿಲ್ಲದ ಹುಡುಗಿಯರು ಆ ಮಾತನ್ನು ಅಣಕಿಸಿ ಹೇಳಿ ನಕ್ಕರು. ಡಬ್ಬಿ ಮುಚ್ಚಿ ಎದ್ದು ಹೋದೆ. ನಮ್ಮ ಫ್ಯಾಕ್ಟರಿಯಲ್ಲಿ ಕಾಲರ್ ಸೊಟ್ಟಗಾದರೆ ಪೀಸ್ ವಾಪಸ್ ಹೊಲಿಗೆಯ ಲೈನಿಗೆ ಹೋಗುತ್ತದೆ. ಸೊಟ್ಟ ಪೀಸುಗಳು ಜಾಸ್ತಿಯಾದರೆ ಸೂಪರ್‌ವೈಸರ್ ಸಂಜೆಯೊಳಗೆ ಗೇಟಿನಾಚೆ. ಯಾರೂ ಅವನಿಗೆ ‘ತನಿಖೆ ಆಗಲಿ’ ಅನ್ನುವುದಿಲ್ಲ. ಇವನೊಬ್ಬನಿಗೆ ಮಾತ್ರ ತನಿಖೆ ಬೇಕಾಗಿತ್ತು. ಚಾನೆಲ್ಲಿನವರು ಮೈಕು ಹಿಡಿದಾಗ ಹೇಳಿದ್ದು ಅದನ್ನೇ: ‘ತನಿಖೆ ಆಗ್ಲಿ. ನಾನು ಜನ ಆರಿಸಿರೋ ಪ್ರತಿನಿಧಿ. ಜನ ಗೆಲ್ಸವ್ರೆ, ಬೇಕಾದ್ರೆ ಜನ ಇಳಿಸ್ಲಿ.’

ಸರಿ, ಇಳಿಸೋಣ ಅಂದುಕೊಂಡೆವು. ಮುಂದಿನ ಗ್ರಾಮಸಭೆಗೆ ಊರಿನ ಹೆಂಗಸರನ್ನೂ ಕೋಣೆಗಳ ಹೆಂಗಸರನ್ನೂ ಅಜ್ಜಿ ಸೇರಿಸಿದರು. ಪಂಚಾಯ್ತಿ ಆಫೀಸಿನ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಅಧ್ಯಕ್ಷ ನಡುವಿನಲ್ಲಿ ಕೂತಿದ್ದ. ಬೀದಿ ದೀಪ, ಚರಂಡಿ, ಅಂಗನವಾಡಿ ಎಂದು ಏನೇನೋ ಓದುತ್ತ ಹೋದರು. ನಾನು ಎದ್ದು ನಿಂತೆ. ‘ಸ್ಮಶಾನದ ವಿಚಾರ ಮಾತಾಡಿ. ಅದು ಇತ್ಯರ್ಥ ಆಗೋವರೆಗೂ ಆ ಕುರ್ಚಿಯಿಂದ ಇಳಿಯಿರಿ’ ಅಂದೆ.

‘ನೀನು ಎಲ್ಲಿಯವಳಮ್ಮ?’ ಅಂದ ಅವನು, ಮೈಕಿನಲ್ಲೇ. ‘ದುಡಿಯಕ್ಕೆ ಬಂದಿದೀಯ. ದುಡ್ಕೊಂಡು ಹೋಗು. ನಮ್ಮೂರಿನ ವಿಷ್ಯ ನಮ್ಗೆ ಬಿಡು.’

ನನಗೆ ಸಿಟ್ಟು ಬಂದರೆ ಬೆಂಗಳೂರಿನ ಮಾತು ನಾಲಿಗೆ ಬಿಟ್ಟು ಹೋಗುತ್ತದೆ. ‘ಓಟ್ ಕೇಳಾಕ ಬಂದಾಗ ನಾ ಎಲ್ಲಿಯಾಕಿ ಅಂತ ಕೇಳಿದ್ರೇನ್ರಿ? ಆಗ ಅಕ್ಕ ಅಂದ್ರಿ. ನನ್ನ ಕೂಸಿನ ಮ್ಯಾಲೆ ಜೆಸಿಬಿ ಹತ್ತಿಸಿ ಈಗ ಎಲ್ಲಿಯಾಕಿ ಅಂತೀರಿ?’ ಎಂದು ಕಿರುಚಿದೆ.

ಅಜ್ಜಿ ಎದ್ದರು. ‘ಅವ್ಳು ಎಲ್ಲಿಯೋಳಾರಾ ಆಗ್ಲಿ, ನಾನು ಈ ಊರೋಳೇ ತಾನೆ? ನಾನ್ ಆಕಿದ್ ಓಟ್ ವಾಪಸ್ ಕೊಡ್ಲಾ. ನಂಗ್ ಬೇಕು ಅದು.’

ಕೆಲವರು ನಕ್ಕರು. ನಾನು ನಗಲಿಲ್ಲ. ಅದಕ್ಕಿಂತ ನ್ಯಾಯವಾದ ಬೇಡಿಕೆ ಆ ಶಾಮಿಯಾನದ ಕೆಳಗೆ ಹಿಂದೆಂದೂ ಕೇಳಿಬಂದಿರಲಾರದು.

ಸಭೆ ಗಲಾಟೆಯಲ್ಲಿ ಮುಗಿಯಿತು. ಮರುವಾರ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿಯ ಹತ್ತಿರ ಹೋದೆವು. ಹೊಸದಾಗಿ ಬಂದಿದ್ದ ಅಧಿಕಾರಿ. ಕೆಟ್ಟವರಲ್ಲ, ಹೆದರಿದವರು. ಅಜ್ಜಿಗೆ ಕುರ್ಚಿ ಹಾಕಿಸಿ ಹೇಳಿದರು. ‘ಅಜ್ಜಿ, ಓಟು ಹಾಕಿದೋರು ಗೆದ್ದೋರನ್ನ ವಾಪಸ್ ಕರೆಸೋ ಅವಕಾಶ ನಮ್ಮ ಕಾನೂನಲ್ಲಿಲ್ಲ. ಬೇರೆ ಕೆಲವು ರಾಜ್ಯಗಳಲ್ಲಿ ಇದೆಯಂತೆ. ಇಲ್ಲಿ ಸದಸ್ಯರು ಅವಿಶ್ವಾಸ ತರಬಹುದು. ಇಲ್ಲ, ಮೇಲಿನವರಿಗೆ ದೂರು ಕೊಡಬಹುದು, ವಿಚಾರಣೆ ನಡೀಬೇಕು, ಟೈಮ್ ಹಿಡಿಯತ್ತೆ. ಅಥವಾ ಅವರೇ ರಾಜೀನಾಮೆ ಕೊಡಬೇಕು.’

‘ಅವ್ನೇ ಕೊಡೋ ಅಂಗಿದ್ದಿದ್ರೆ ನಾವ್ಯಾಕೆ ಇಲ್ಲಿಗೆ ಬತ್ತಿದ್ವಿ ಸಾಮಿ?’ ಅಂದರು ಅಜ್ಜಿ. ಅಧಿಕಾರಿ ಮೇಜಿನ ಮೇಲಿನ ಪೆನ್ನು ಸರಿಮಾಡಿದರು.

ಮನೆಯಲ್ಲಿ ನನ್ನ ಗಂಡನಿಗೂ ನನಗೂ ಇದೇ ಜಗಳ. ಅವರದು ತಣ್ಣನೆ ಸ್ವಭಾವ. ‘ವಾಪಸ್ ಕರಸೂ ಹಕ್ಕು ಕೊಟ್ರ ಅದು ನಿನ್ನ ಕೈಯಾಗ ಇರ್ತೈತಿ ಅಂತ ತಿಳದೀ ಏನ?’ ಅಂದರು ಒಂದು ದಿನ. ‘ಯಾರ ಹತ್ರ ಜೀಪ್ ಅದಾವು, ಯಾರು ಬಿರಿಯಾನಿ ಹಂಚ್ತಾರ, ಅವ್ರ ಕೈಯಾಗ ಇರ್ತೈತಿ. ನಾಳೆ ಒಬ್ಬ ಒಳ್ಳೆಯಾವ ಅಧ್ಯಕ್ಷ ಆದ ಅಂತ ಇಟ್ಕೊ. ಗೋಡೌನಿನವ್ರು ಜನಾ ಕೂಡಿಸಿ ಅವನ್ನ ವಾರದಾಗ ಇಳಸ್ತಾರ.’

ಅವರ ಲೆಕ್ಕ ತಪ್ಪೆಂದು ಇಂದಿಗೂ ನನಗೆ ಅನ್ನಿಸಿಲ್ಲ. ಆದರೆ ಕೇಳಿದೆ: ‘ಹಂಗಾರ ಇವ ಐದು ವರ್ಷ ನಕ್ಕೋಂತ ಕೂಡ್ಲಿ ಅಂತೀರೇನು?’ ಅವರು ಸುಮ್ಮನಾದರು. ಮಗಳನ್ನು ಹೊತ್ತು ಬಿಸಿಲಲ್ಲಿ ನಿಂತವರು ಅವರೇ. ಅವರಿಗೆ ನೋವಿಲ್ಲ ಎಂದು ನಾನು ಎಂದೂ ಹೇಳಲಾರೆ. ಆದರೆ ಅವರ ನೋವು ಸುಮ್ಮನಾಗುವ ನೋವು, ನನ್ನದು ಕೂಗುವ ನೋವು.

ಉಳಿದದ್ದು ಅವಿಶ್ವಾಸ. ನಾವು ಸದಸ್ಯರ ಮನೆಮನೆಗೆ ಹೋದೆವು. ಟಿವಿಯ ಬಿಸಿ ಇನ್ನೂ ಆರಿರಲಿಲ್ಲ, ಹಾಗಾಗಿ ಹೆಚ್ಚಿನವರು ಒಪ್ಪಿದರು. ನಮ್ಮ ಬೀದಿಯ ಸದಸ್ಯೆ ಅಜ್ಜಿಯ ಕೈ ಹಿಡಿದು, ‘ನಮ್ಮಪ್ಪನ್ನೂ ಅಲ್ಲೇ ಮಣ್ಣು ಮಾಡಿದ್ದು ಕಣಜ್ಜಿ, ನಾನು ಬಿಟ್ಟೇನಾ?’ ಎಂದು ಕಣ್ಣೀರು ಹಾಕಿದಳು. ಅರ್ಜಿ ಕೊಟ್ಟರು, ಸಭೆಗೆ ದಿನ ಗೊತ್ತಾಯಿತು.

ಆ ಕಾಲದಲ್ಲಿ ಟಿವಿ ಹಾಕಿದರೆ ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ರೆಸಾರ್ಟಿಗೆ ಒಯ್ಯುವುದೇ ಸುದ್ದಿ. ದೊಡ್ಡವರು ಮಾಡಿದ್ದನ್ನು ನಮ್ಮ ಅಧ್ಯಕ್ಷ ಚೆನ್ನಾಗಿಯೇ ನೋಡಿ ಕಲಿತಿದ್ದ. ಸಭೆಗೆ ಒಂದು ವಾರ ಇರುವಾಗ ಹಗಲು ಹೊತ್ತಿನಲ್ಲೇ, ಎಲ್ಲರೂ ನೋಡುತ್ತಿರುವಾಗಲೇ, ಪರದೆ ಹಾಕಿದ ಮಿನಿ ಬಸ್ಸೊಂದು ಊರಿಗೆ ಬಂತು. ಸದಸ್ಯರು ಬ್ಯಾಗು ಹಿಡಿದು ಹತ್ತಿದರು. ಧರ್ಮಸ್ಥಳ ನೋಡಿಕೊಂಡು ಬರ್ತೀವಿ ಅಂದರು. ಕಣ್ಣೀರು ಹಾಕಿದ್ದ ಸದಸ್ಯೆಯೂ ಹತ್ತಿದಳು. ನಾನು ರಸ್ತೆಯ ಪಕ್ಕ ನಿಂತಿದ್ದೆ. ಕಿಟಕಿಯ ಪರದೆ ಎಳೆದುಕೊಂಡಳು.

ಸಭೆಯ ದಿನ ಫ್ಯಾಕ್ಟರಿಗೆ ರಜೆ ಹಾಕಿ ಹೋಗಿದ್ದೆ. ಮೇಲಿನ ಅಧಿಕಾರಿ ಬಂದು ಕಾದರು. ಬಸ್ಸು ಹತ್ತಿದವರು ಮರಳಿರಲಿಲ್ಲ, ಬಂದವರು ಬೆರಳೆಣಿಕೆಯ ಮಂದಿ. ಕೋರಂ ಇಲ್ಲ, ಅವಿಶ್ವಾಸ ಬಿದ್ದುಹೋಯಿತು ಎಂದು ಘೋಷಿಸಿ ಅಧಿಕಾರಿ ಕಾರು ಹತ್ತಿದರು. ಹೊರಗೆ ಪಟಾಕಿ. ಹೆಗಲ ಮೇಲೆ ಹೊತ್ತು ಮೆರವಣಿಗೆ. ಸ್ಮಶಾನ ಕಬಳಿಸಿದ ಮನುಷ್ಯನಿಗೆ ಸೇಬಿನ ಹಾರ ಹಾಕಿದರು. ಆ ಹಾರದಿಂದ ಒಂದು ಸೇಬು ಕಳಚಿ ನನ್ನ ಕಾಲ ಬಳಿ ಬಿತ್ತು. ಅದನ್ನು ಕಾಲಿಂದ ಒದ್ದೆ. ಅಷ್ಟು ಮಾತ್ರ ನನ್ನ ಕೈಲಾದದ್ದು.

ಆ ಸದಸ್ಯೆ ಆಮೇಲೆ ಹಿಟ್ಟಿನ ಗಿರಣಿಯಲ್ಲಿ ಸಿಕ್ಕಳು. ನಾನು ಮಾತಾಡಿಸಲಿಲ್ಲ. ಅವಳೇ ಹತ್ತಿರ ಬಂದು ಪಿಸುಗುಟ್ಟಿದಳು. ‘ನಮ್ ಬೀದಿಗೆ ನೀರು ಬಿಡಲ್ಲ ಅಂದ್ರು ಕಣಮ್ಮ. ನಮ್ಮನೆಯೋರ ಅಂಗಡಿ ಎತ್ತಿಸ್ತೀವಿ ಅಂದ್ರು. ನಾನೇನ್ ಮಾಡ್ಲಿ?’ ಅವಳ ಮೇಲೆ ಕೂಗಾಡಬೇಕೆಂದು ಎಷ್ಟು ದಿನದಿಂದ ಮಾತು ಕೂಡಿಟ್ಟುಕೊಂಡಿದ್ದೆ. ಗಿರಣಿಯ ಸದ್ದಿನಲ್ಲಿ ಅವಳ ಮುಖ ನೋಡಿದೆ. ಹಿಟ್ಟು ಹಾಕಿಸಿಕೊಂಡು ಬಂದೆ. ಸಿಟ್ಟು ಮಾತ್ರ ಕಡಿಮೆಯಾಗಲಿಲ್ಲ, ಎಲ್ಲಿ ಇಳಿಸಬೇಕೆಂದು ತಿಳಿಯದ ಮೂಟೆಯ ಹಾಗೆ ಉಳಿಯಿತು.

ಈ ನಡುವೆ ಮೇಲಿನವರಿಗೆ ನಾವು ಬರೆದಿದ್ದ ದೂರುಗಳು ಪೂರ್ತಿ ವ್ಯರ್ಥವಾದವು ಅಂತಲ್ಲ. ತಹಶೀಲ್ದಾರರ ಕಡೆಯವರು ಬಂದು ಸರ್ವೆ ಮಾಡಿದರು. ಅದು ಸ್ಮಶಾನವೇ ಹೌದು ಎಂದು ಅವರೂ ಹೇಳಿದರು. ಆದರೆ ಅಷ್ಟರಲ್ಲಿ ಅರ್ಧ ಜಾಗದ ಮೇಲೆ ಕಾಂಕ್ರೀಟು ಬಿದ್ದಾಗಿತ್ತು, ಲಾರಿಗಳು ಓಡಾಡುತ್ತಿದ್ದವು. ಮಿಕ್ಕ ಅರ್ಧಕ್ಕೆ ಬೇಲಿ ಹಾಕಿ ಊರಿಗೆ ಬಿಟ್ಟುಕೊಟ್ಟರು. ಅಜ್ಜಿಯ ಗಂಡನ ಕಲ್ಲನ್ನು ಆ ಅರ್ಧದಲ್ಲಿ ಮತ್ತೆ ನಿಲ್ಲಿಸಿದೆವು, ಅಂದಾಜಿನ ಮೇಲೆ. ನನ್ನ ಮಗಳಿದ್ದದ್ದು ಇನ್ನೊಂದು ಅರ್ಧದಲ್ಲಿ. ಅವಳ ಮೇಲೆ ಈಗ ಲಾರಿಗಳು ತಿರುಗುವ ಜಾಗವಿದೆ. ಗೇಟಿನ ಕಾವಲುಗಾರ ಹಿಂದಿಯಲ್ಲಿ ‘ಅಂದರ್ ನಹೀಂ’ ಅನ್ನುತ್ತಾನೆ. ಅವನಿಗೆ ಏನೂ ಗೊತ್ತಿಲ್ಲ.

ಅಧ್ಯಕ್ಷ ಕೊನೆಯ ದಿನದವರೆಗೂ ಕುರ್ಚಿಯಲ್ಲಿ ಕೂತಿದ್ದ. ಮುಂದಿನ ಚುನಾವಣೆಯಲ್ಲಿ ಅವನ ಜಾಗ ಹೆಂಗಸರಿಗೆ ಮೀಸಲಾಯಿತು. ಹೆಂಡತಿಯನ್ನು ನಿಲ್ಲಿಸಿದ. ಅವಳನ್ನು ಕರೆದುಕೊಂಡು ನಮ್ಮ ಸಾಲಿಗೂ ಬಂದ. ನನ್ನ ಬಾಗಿಲ ಮುಂದೆ ನಿಂತು, ಏನೂ ನಡೆದೇ ಇಲ್ಲ ಎಂಬಂತೆ ಕೈ ಮುಗಿದು, ‘ಅಕ್ಕ’ ಅಂದ. ಬಾಗಿಲು ಹಾಕಿಕೊಂಡೆ. ಅವನ ಹೆಂಡತಿ ಗೆದ್ದಳು. ಜನ ಇಳಿಸಲಿ ಎಂದಿದ್ದನಲ್ಲ, ಜನ ಇಳಿಸಲಿಲ್ಲ. ಅವನಿಗೆ ಓಟು ಹಾಕಿದವರು ನನಗೆ ಸಾಸಿವೆ ಸಾಲ ಕೊಡುವವರೇ, ನನ್ನ ಜೊತೆ ಬಸ್ಸಿನಲ್ಲಿ ಸೀಟು ಹಂಚಿಕೊಳ್ಳುವವರೇ. ಅವನ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ ಸುಡುವುದು ಇದು.

ಅದೇ ವರ್ಷ ಅಜ್ಜಿ ತೀರಿಕೊಂಡರು. ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ, ಹಸು ಕೂಗಿದ್ದರಿಂದ ಗೊತ್ತಾಯಿತು. ಉಳಿದ ಅರ್ಧ ಸ್ಮಶಾನದಲ್ಲಿ ಗುಂಡಿ ತೋಡಿದರು. ಸಂಬಂಧದವನಲ್ಲವೇ, ಅವನೂ ಬಂದ. ಬಿಳಿ ಅಂಗಿ, ಕಪ್ಪು ಕನ್ನಡಕ. ದಾರಿ ಬಿಟ್ಟು ಜನ ಸರಿದರು. ಮಣ್ಣು ಹಾಕಲು ಬಗ್ಗಿದ.

‘ಬೇಡ’ ಅಂದೆ.

ಎಲ್ಲರೂ ನನ್ನತ್ತ ತಿರುಗಿದರು. ನಾನು ಸಂಬಂಧದವಳಲ್ಲ, ಊರವಳೂ ಅಲ್ಲ. ಅವನು ಮುಷ್ಟಿಯಲ್ಲಿ ಮಣ್ಣು ಹಿಡಿದು ಹಾಗೇ ನಿಂತ. ‘ನಮ್ ದೊಡ್ಡವ್ವ ಅವ್ಳು’ ಅಂದ. ಆಗ ಅಜ್ಜಿಯ ಮಗ ಮಾತಾಡಿದ. ಅಷ್ಟು ವರ್ಷ ಈ ವಿಷಯದಲ್ಲಿ ಒಂದು ಮಾತೂ ಆಡದೆ, ಅಣ್ಣತಮ್ಮಂದಿರ ಜಗಳ ಬೇಡವೆಂದು ತಲೆ ತಪ್ಪಿಸಿಕೊಂಡು ತಿರುಗಿದ ಮನುಷ್ಯ. ಮೆಲ್ಲಗೆ ಹೇಳಿದ, ‘ಬುಡಣ್ಣ. ಬ್ಯಾಡ. ಓಗು.’

ಅವನು ಸುತ್ತ ನೋಡಿದ. ಯಾರಾದರೂ ತನ್ನ ಪರ ಮಾತಾಡುತ್ತಾರೆಂದು ಕಾದಿರಬೇಕು. ಯಾರೂ ಮಾತಾಡಲಿಲ್ಲ. ಓಟು ಹಾಕಿದವರೂ ಮಾತಾಡಲಿಲ್ಲ. ಮಣ್ಣನ್ನು ಪಕ್ಕಕ್ಕೆ ಚೆಲ್ಲಿ, ಕೈ ಕೊಡವಿಕೊಂಡು, ಕಾರಿನ ಕಡೆ ನಡೆದ. ಅವನ ಹಿಂದೆ ಯಾರೂ ಹೋಗಲಿಲ್ಲ.

ಅದರಿಂದ ಅವನಿಗೆ ಏನೂ ಆಗಲಿಲ್ಲ ಎಂಬುದನ್ನೂ ಬರೆಯಬೇಕು. ಮುಂದೆ ಅವನಿಗೆ ಇನ್ನೂ ದೊಡ್ಡ ಚುನಾವಣೆಯ ಟಿಕೆಟ್ ಸಿಗುತ್ತದೆಂದು ಮಾತಾಡಿಕೊಂಡರು. ನಾವು ಆ ಕೋಣೆ ಬಿಟ್ಟು ಪೀಣ್ಯದ ಹತ್ತಿರಕ್ಕೆ ಬಂದೆವು. ಮತ್ತೊಬ್ಬ ಮಗಳು ಹುಟ್ಟಿದಳು, ಈಗ ಕಾಲೇಜಿಗೆ ಹೋಗುತ್ತಾಳೆ. ಅವಳ ಹೆಸರು ಮತದಾರರ ಪಟ್ಟಿಗೆ ಬಂದ ದಿನ ಇದೆಲ್ಲವನ್ನೂ ಅವಳಿಗೆ ಹೇಳಿದೆ. ‘ಅಷ್ಟೇನಾ? ಏನೂ ಮಾಡಕ್ಕಾಗ್ಲಿಲ್ವಾ?’ ಎಂದು ಕೇಳಿದಳು. ಅವಳ ದನಿಯಲ್ಲೂ ಸಿಟ್ಟಿತ್ತು. ನಾನು ಸಮಾಧಾನ ಹೇಳಲಿಲ್ಲ.